ಒಡಪಿನಲ್ಲಿ ಬಂದ ಮೂರನೆಯ ಸಾಹೇಬರು

ಮೂರು ತಿಂಗಳ ಹಿಂದೆ, ಹಾರೂಗೇರಿಯಲ್ಲಿ, ನೂರು ಹೆಂಗಸರ ಎದುರು ನಿಂತು ನಾನು ಬೇರೆಯವರ ಗಂಡನ ಹೆಸರು ಹೇಳಿಬಿಟ್ಟೆ.

ಓದಿದ್ದು ಸರಿಯಾಗಿಯೇ ಇದೆ. ಕನ್ನಡಕ ಒರೆಸಿಕೊಳ್ಳುವುದು ಬೇಡ.

ಇಷ್ಟು ದಿನ ಇದನ್ನು ಬರೆಯದಿದ್ದದ್ದು ನಮ್ಮ ಮನೆಯವರ ಮುಖ ನೋಡಿ. ಈ ವಾರ ಅವರೇ ಪರವಾನಗಿ ಕೊಟ್ಟಿದ್ದಾರೆ. ಯಾಕೆ ಕೊಟ್ಟರು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಖರೆ ಹೇಳಬೇಕೆಂದರೆ ಅದನ್ನೇ ಮೊದಲು ಹೇಳಿಬಿಡಬೇಕು ಅಂತ ಕೈ ತುರಿಸುತ್ತಿದೆ. ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಆದರೂ ತಡೆದುಕೊಳ್ಳುತ್ತೇನೆ.

ಅವತ್ತು ನಮ್ಮ ನಾದಿನಿ ಕುಸುಮಳ ಸೊಸೆಯ ಕುಬುಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಮಾಡಿ ಆಯಿತು. ಆಮೇಲೆ ಶುರುವಾಯಿತು ನೋಡಿ, ಒಡಪು ಹೇಳಿಸುವ ಗದ್ದಲ. ನಮ್ಮ ಕಡೆ ಗೊತ್ತಲ್ಲ, ಹಳೆಯ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ರೇಷನ್ ಅಂಗಡಿಯವ ಕೇಳಿದರೂ "ಕಾರ್ಡಿನ್ಯಾಗ ಬರದೈತಿ ನೋಡ್ಕೊಳ್ರಿ" ಅನ್ನುತ್ತೇವೆ. ಆದರೆ ಇಂಥ ಕಾರ್ಯಗಳಲ್ಲಿ ಮಾತ್ರ ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಕೂಡಿಸಿ, ನಾಚಿಕೊಂಡು ಹೇಳಲೇಬೇಕು. ಹೇಳುವವರೆಗೆ ಊಟಕ್ಕೆ ಬಿಡುವುದಿಲ್ಲ.

"ಈಗ ನಮ್ಮ ವೈನೀದು ಆಗ್ಲಿ! ಪೇಪರನ್ಯಾಗ ಬರಿಯಾಕಿ ಆಕಿ, ಆಕೀ ಒಡಪು ಬ್ಯಾರೇನ ಇರತೈತಿ!" ಎಂದು ಕುಸುಮ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು.

ಸೆರಗು ಸರಿ ಮಾಡಿಕೊಂಡೆ. ಗಂಟಲೂ ಸರಿ ಮಾಡಿಕೊಂಡೆ. ಬಾಗಿಲಾಚೆ ಪೆಂಡಾಲಿನಲ್ಲಿ ನಮ್ಮ ಮನೆಯವರು ಗಂಡಸರ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಅಲ್ಲಿಗೂ ಮುಟ್ಟಲಿ ಅಂತ ಗಟ್ಟಿಯಾಗಿ ಹೇಳಿದೆ:

"ದ್ರಾಕ್ಷಿ ಬಳ್ಳಿಗಿ ಗೊನಿ ಮೂರು, ಬೇಲಿ ಮ್ಯಾಲ ಗಿಳಿ ಮೂರು,
ಇಂಥವರ ಹೆಸರ ಹೇಳತೀನಿ, ಪಾಳಿಯೊಳಗ ನಂಬರ್ ಮೂರು!"

ಇಲ್ಲಿ 'ಇಂಥವರ' ಎಂದು ಬರೆದಿದ್ದೇನೆ. ಅಲ್ಲಿ ಪೂರ್ತಿ ಹೆಸರು, ಅಡ್ಡಹೆಸರು ಸಮೇತ ಹೇಳಿದ್ದೆ. (ಆ ಹೆಸರನ್ನು ಈ ಜನ್ಮದಲ್ಲಿ ಇನ್ನೊಮ್ಮೆ ಬರೆಯುವುದಿಲ್ಲ. ಒಂದು ಸಲ ಹೇಳಿ ಅನುಭವಿಸಿದ್ದು ಸಾಕು.)

ಹಿಂದಿನ ಸಾಲಿನಿಂದ ಒಬ್ಬ ಮುದುಕಿಯ ದನಿ ಬಂತು.

"ಯವ್ವಾ, ಮೂರನೇದವ್ರು ಇವರಾದ್ರ, ಒಂದನೇದವ್ರು ಎರಡನೇದವ್ರು ಎಲ್ಲಿ ಹ್ವಾದ್ರಬೇ?"

ಅಷ್ಟೇ. ಬಸುರಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಇಲ್ಲೇ ಹೆರಿಗೆ ಆದೀತು ಅಂತ ನನಗೆ ಭಯ. ಕುಸುಮ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು, "ಹಂಗಾದ್ರ ನಮ್ಮಣ್ಣ ಎಷ್ಟನೇ ನಂಬರ್ ವೈನೀ?"

ಬಾಗಿಲಾಚೆ ನೋಡಿದೆ. ನಮ್ಮ ಮನೆಯವರ ಕೈ ಹೋಳಿಗೆಯ ಮೇಲೆ ನಿಂತುಬಿಟ್ಟಿತ್ತು. ತುಪ್ಪದವನು ಮಾತ್ರ ಹಾಕುತ್ತಲೇ ಇದ್ದ.

ಯಾರು ಆ ಸಾಹೇಬರು? ನಾನು ಅವರನ್ನು ಕಂಡವಳಲ್ಲ, ಅವರು ನನ್ನನ್ನು ಕಂಡವರಲ್ಲ. ನಮ್ಮ ದೇಶದ ಕರಾವಳಿ ಕಾಯುವ ಪಡೆ ಇದೆಯಲ್ಲ, ಕೋಸ್ಟ್ ಗಾರ್ಡ್, ಅದಕ್ಕೆ ಮೂರನೆಯವರಾಗಿ ಮುಖ್ಯಸ್ಥರಾದವರು. ಡೈರೆಕ್ಟರ್ ಜನರಲ್ ಸಾಹೇಬರು. ಸಮುದ್ರ ಕಾಯುವವರ ಹೆಸರು ಸತ್ತಿ ಊರಿನ ಕಬ್ಬಿನ ಹೊಲದ ನನ್ನಂಥ ಮುದುಕಿಯ ಬಾಯಿಗೆ ಹೇಗೆ ಬಂತು?

ಅದಕ್ಕೆ ನಮ್ಮ ಸನ್ಮತಿ ಕಾರಣ.

ಸನ್ಮತಿ ನನ್ನ ಮಗ ಮಹಾವೀರನ ಮಗಳು. ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿದವಳು. ಕೋಸ್ಟ್ ಗಾರ್ಡಿನಲ್ಲಿ ಅಧಿಕಾರಿ ಆಗಬೇಕು ಅಂತ ಅವಳ ಹಟ. ಸಮುದ್ರ ನೋಡಿದ್ದು ಒಂದೇ ಸಲ, ಶಾಲೆಯ ಟ್ರಿಪ್ಪಿನಲ್ಲಿ. ಅದೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. "ಬಸ್ ತಡಕೊಳ್ಳಾರದಾಕಿ ಹಡಗ ಏನ ತಡಕೋತಿ ಲೇ?" ಎಂದು ಅವಳಪ್ಪ ಕೇಳಿದ್ದಕ್ಕೆ, "ಹಡಗಿಗೆ ಘಾಟ್ ರಸ್ತಾ ಇರೂದಿಲ್ಲಪಾ" ಎಂದವಳು.

ಹೋದ ವರ್ಷ ಪರೀಕ್ಷೆ ಪಾಸಾಗಿ ಕಡೆಯ ಇಂಟರ್‌ವ್ಯೂವರೆಗೆ ಹೋಗಿದ್ದಳು. ಅಲ್ಲಿ ಒಬ್ಬರು ಕೇಳಿದರಂತೆ, ಈ ಪಡೆ ಹುಟ್ಟಿದಾಗಿನಿಂದ ಇದರ ಮುಂದಾಳುಗಳು ಯಾರಾರು, ಎಲ್ಲಿಂದ ಬಂದರು, ಹೇಳಿ ನೋಡೋಣ. ಇವಳು ಮೊದಲನೆಯವರನ್ನು ಹೇಳಿದಳು. ಎರಡನೆಯವರ ಜಾಗದಲ್ಲಿ ಐದನೆಯವರನ್ನು ಕೂರಿಸಿದಳು. ಆಮೇಲಿನದು ಒಂದೂ ಬರಲಿಲ್ಲ. ಮನೆಗೆ ಬಂದಳು.

ಈ ವರ್ಷ ಮತ್ತೆ ಕರೆ ಬಂತು. ವಯಸ್ಸಿನ ಲೆಕ್ಕದಲ್ಲಿ ಇದೇ ಕಡೆಯ ಸಲ. ಇದು ಹೋದರೆ ಹೋಯಿತು. ಮಗ ಮೊದಲೇ ಹೇಳಿಟ್ಟಿದ್ದ, "ಈ ಸಲ ಆಗ್ಲಿಲ್ಲಂದ್ರ ಸಾಕ್ ಮಾಡು. ಸಕ್ಕರಿ ಕಾರಖಾನ್ಯಾಗ ಕ್ಲರ್ಕ್ ಜಾಗಾ ಮಾತಾಡೀನಿ. ಮನಿ ಊಟ, ನೆರಳಿನ ಕೆಲಸ."

ಹುಡುಗಿ ಪುಸ್ತಕದ ಚೀಲ ಹೊತ್ತು ಚಿಕ್ಕೋಡಿಯ ಅಪ್ಪನ ಮನೆಯಿಂದ ನಮ್ಮಲ್ಲಿಗೆ ಬಂದಳು. "ಅಲ್ಲಿ ಎಲ್ಲಾರೂ ನನ್ನ ಮಾರಿ ನೋಡಿ ಉಸುರ್ ಹಾಕತಾರ ಆಯಿ. ಇಲ್ಲೇ ಓದತೀನಿ" ಎಂದಳು.

ಓದಲಿ. ಆದರೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ ಓದುವುದನ್ನು ಕೇಳಲಾಗುತ್ತಿರಲಿಲ್ಲ. ಎರಡು ಡಜನ್ ದಾಟುವ ಹೆಸರುಗಳು. ದೇಶದ ನಾಲ್ಕೂ ದಿಕ್ಕಿನವು. ನಾಲ್ಕನೆಯವರಿಗೆ ಬರುವ ಹೊತ್ತಿಗೆ ಎರಡನೆಯವರು ಜಾರಿ ಹೋಗುತ್ತಿದ್ದರು.

"ಇಪ್ಪತ್ನಾಲ್ಕು ತೀರ್ಥಂಕರರ ಹೆಸರ ಐದು ವರ್ಷದಾಕಿ ಇದ್ದಾಗ ಸರಸರ ಹೇಳತಿದ್ದಿ. ಇದೇನ ದೊಡ್ಡದು?" ಎಂದೆ.

"ಅವಕ್ಕ ಹಾಡ ಇತ್ತು ಆಯಿ. ಹಾಡಕೋತ ಹ್ವಾದ್ರ ತಾವs ಬರತಿದ್ದು. ಇವಕ್ಕ ಹಾಡೂ ಇಲ್ಲ, ಏನೂ ಇಲ್ಲ."

ಹಾಡು ಇಲ್ಲವೇ? ನಾನಿದ್ದೇನಲ್ಲ!

ನಾನು ಕಲಿತದ್ದು ಮರಾಠಿ ಶಾಲೆಯ ನಾಲ್ಕನೆಯ ಇಯತ್ತೆ. ಕನ್ನಡ ಅಕ್ಷರ ಕಲಿತದ್ದೇ ಈ ಮನೆಗೆ ಸೊಸೆಯಾಗಿ ಬಂದ ಮೇಲೆ. (ನನ್ನ ಕಾಗುಣಿತ ತಿದ್ದುವ ಸಂಪಾದಕರಿಗೆ ಪುಣ್ಯ ಬರಲಿ.) ಆದರೆ ಒಂದು ವಿದ್ಯೆ ಯಾವ ಶಾಲೆಯೂ ಕಲಿಸದೆ ಬಂದಿದೆ. ಯಾವ ಹೆಸರು ಕೊಟ್ಟರೂ ನಿಂತ ನಿಲುವಿನಲ್ಲಿ ಒಡಪು ಕಟ್ಟುತ್ತೇನೆ. ಹೆಸರು ನೆನಪಿನಲ್ಲಿ ಉಳಿಯಲು ಒಡಪಿಗಿಂತ ಒಳ್ಳೆಯ ಮೊಳೆ ಇಲ್ಲ.

"ಮೊದಲನೇದವರ ಬಗ್ಗೆ ಏನ ಬರದಾರ, ಓದು" ಎಂದೆ. ಓದಿದಳು. ಪಡೆ ಹೊಸದಾಗಿ ಹುಟ್ಟಿದಾಗ ಅದರ ಹತ್ತಿರ ಹಡಗೇ ಇರಲಿಲ್ಲವಂತೆ. ನೇವಿಯವರೇ ತಮ್ಮ ಕೆಲವು ಹಡಗು ಕೊಟ್ಟು, ನಡೆಸಲು ತಮ್ಮದೇ ಒಬ್ಬ ಹಿರಿಯ ಅಧಿಕಾರಿಯನ್ನೂ ಕೊಟ್ಟು ಕಳಿಸಿದರಂತೆ. ರೊಟ್ಟಿ ತಟ್ಟುತ್ತಲೇ ಕಟ್ಟಿದೆ:

"ಒಂದು ಹಡಗ, ಎರಡು ಹಡಗ, ನೇವಿ ಕೊಟ್ಟ ಬಳುವಳಿ,
ಇಂಥವರು ಮೊದಲ ಕುಂತು ಕಾಯ್ದರು ನಮ್ಮ ಕರಾವಳಿ!"

ಸನ್ಮತಿ ಪಟ್ಟಿ ಕೆಳಗಿಟ್ಟು ನನ್ನ ಕೆನ್ನೆ ಹಿಂಡಿದಳು. ಹಿಟ್ಟಿನ ಕೈಯಲ್ಲಿ ನಾನೂ ಅವಳದು ಹಿಂಡಿದೆ. ಅವತ್ತೇ ಮೂವರು ಸಾಹೇಬರು ಮುಗಿದರು.

ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಊಟ ಆದ ಮೇಲೆ ಬೆಳಕು ಇರುವಷ್ಟು ಹೊತ್ತು ಕ್ಲಾಸು. ಮೂರನೆಯ ದಿನ ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಏನ ನಡದೈತಿ ಇಲ್ಲೆ?"

"ಮೊಮ್ಮಗಳ ಅಭ್ಯಾಸ."

"ಅಭ್ಯಾಸ ಆಕೀದು, ಒಡಪು ನಿಂದು. ಹೆಸರ ಯಾರದು?"

"ದಿಲ್ಲಿ ಸಾಹೇಬ್ರದು."

"ಎಷ್ಟ ಮಂದಿ?"

"ಎರಡು ಡಜನ್ ಮ್ಯಾಲ."

ಅವರು ಕೈಯಲ್ಲಿದ್ದ ಚಹಾದ ಬಸಿ ಕಟ್ಟೆಯ ಮೇಲಿಟ್ಟರು. "ಲಗ್ನ ಆದಾಗಿಂದ ನನ್ನ ಹೆಸರಿಗಿ ಕಟ್ಟಿದ್ದು ಒಂದ ಒಡಪು. ಎಲ್ಲಾ ಲಗ್ನಕ್ಕೂ ಅದs, ಎಲ್ಲಾ ಕುಬಸಕ್ಕೂ ಅದs. ಅದರಾಗಿನ ಸಕ್ಕರಿ ಕರಗಿ ನೀರ ಆಗೇತಿ. ಸಾಹೇಬ್ರಿಗೆ ಮಾತ್ರ ದಿನಕ್ಕ ಮೂರು ಹೊಸಾವು?"

"ನೀವು ನನ್ನ ಹೆಸರಿಗಿ ಎಷ್ಟ ಕಟ್ಟೀರಿ?" ಎಂದೆ.

ಅವರು ಬಸಿ ಎತ್ತಿಕೊಂಡು ಪಡಸಾಲೆಗೆ ನಡೆದರು. ಉತ್ತರ ಎಲ್ಲಿಂದ ಬರಬೇಕು? ಮದುವೆಯ ದಿನ ಗಂಡೂ ಒಡಪು ಹೇಳಬೇಕು. ಇವರು ಗಂಟಲು ಕಟ್ಟಿದೆ ಅಂತ ತಪ್ಪಿಸಿಕೊಂಡರು. ಆ ಗಂಟಲು ಇವತ್ತಿಗೂ ಬಿಟ್ಟಿರಲಿಲ್ಲ. ನನ್ನನ್ನು ಕರೆಯುವುದು "ಏ, ಕೇಳಸ್ತೇನ?" ಎಂದು. ಅದೇ ನನ್ನ ಹೆಸರು ಅಂತ ಪಕ್ಕದ ಮನೆಯ ಮಗು ಬಹಳ ದಿನ ತಿಳಿದಿತ್ತು.

ಪಟ್ಟಿ ಮುಂದುವರಿದಂತೆ ಸನ್ಮತಿಗೆ ಒಂದು ಅನುಮಾನ ಬಂತು. ಅಲ್ಲಿ ಹೆಸರಿನ ಮುಂದೆ ಯಾರು ಯಾವ ಪಡೆಯಿಂದ ಬಂದರು ಅಂತ ಬರೆದಿತ್ತು. ನೇವಿ, ನೇವಿ, ನೇವಿ. ಎಷ್ಟೋ ವರ್ಷ ಹಾಗೆಯೇ. ಮುಂದೆ ತಿರುವಿ ಪಟ್ಟಿಯ ಕಡೆಯ ಭಾಗ ನೋಡಿದಾಗ ಮಾತ್ರ, ಅದೇ ಕೋಸ್ಟ್ ಗಾರ್ಡಿಗೆ ಹುಡುಗನಾಗಿ ಸೇರಿ, ಅಲ್ಲೇ ಬೆಳೆದ ಒಬ್ಬರು ಮೇಲಿನ ಕುರ್ಚಿಗೆ ಬಂದಿದ್ದರು.

"ಹೊರಗಿನವ್ರು ಬಂದು ಯಜಮಾನಕಿ ಮಾಡಿದ್ರ ಒಳಗಿನವ್ರಿಗೆ ಬ್ಯಾಸರ ಆಗೂದಿಲ್ಲೇನ ಆಯಿ?" ಎಂದು ಕೇಳಿದಳು. "ಬೋರ್ಡಿನವ್ರು ಇದನ್ನ ಕೇಳಿದ್ರ ಏನ ಹೇಳಲಿ?"

ನನಗೆ ನಗು ಬಂತು. ಈ ಪ್ರಶ್ನೆಗೆ ಪುಸ್ತಕ ಯಾಕೆ? ನಮ್ಮ ಪ್ರತಿ ಮನೆಯ ಅಡುಗೆಮನೆ ನೋಡಿದರೆ ಸಾಕು. ಉಗ್ರಾಣದ ಕೀಲಿಕೈ ಯಾರ ಸೊಂಟದಲ್ಲಿದೆ? ಆ ಮನೆಯಲ್ಲಿ ಹುಟ್ಟಿದವಳದಲ್ಲ. ಹೊರಗಿನಿಂದ ಬಂದವಳದು. ನಮ್ಮ ಮನೆಗಳ ಡೈರೆಕ್ಟರ್ ಜನರಲ್ಲುಗಳೆಲ್ಲ ನೇವಿಯಿಂದ ಬಂದವರೇ! ನಾನು ಬಂದಾಗ ನನಗೆ ಮರಾಠಿ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಅತ್ತೆ ಉಪ್ಪು ಕೇಳಿದರೆ ಬೆಲ್ಲ ಕೊಡುತ್ತಿದ್ದೆ. "ಹೊರಗಿನಾಕಿ" ಅನ್ನಿಸಿಕೊಂಡು ಎಷ್ಟು ವರ್ಷ ಕಳೆದೆನೋ. ಇದನ್ನೇ ಸನ್ಮತಿಗೂ ಹೇಳಿದೆ.

"ಹೊರಗಿನಾಕಿ ಮನಿಯಾಕಿ ಆದದ್ದು ಯಾವಾಗ ಆಯಿ?"

"ನಿನಗ ನೆನಪ ಇಲ್ಲೇನ? ನೀನೂ ಇದ್ದೆಲ್ಲ ಅವತ್ತು" ಎಂದೆ.

ಕೃಷ್ಣಾ ಹೊಳೆ ಊರೊಳಗೆ ಬಂದ ವರ್ಷ ಅದು. ಸನ್ಮತಿ ಸಣ್ಣವಳು, ರಜೆಗೆ ಬಂದಿದ್ದಳು. ನೀರು ಕಟ್ಟೆ ಹತ್ತಿ, ಪಡಸಾಲೆ ಹತ್ತಿತು. ಕಿತ್ತಳೆ ಬಣ್ಣದ ಜಾಕೀಟು ಹಾಕಿದವರು ರಬ್ಬರಿನ ದೋಣಿ ತಂದರು. ಅವರ ಮುಖಂಡನಿಗೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಎಲ್ಲಿಯವನೋ. ಅವನೇ ಸೊಂಟದುದ್ದ ನೀರಿನಲ್ಲಿ ನಿಂತು ಸನ್ಮತಿಯನ್ನು ಎತ್ತಿ ದೋಣಿಯಲ್ಲಿ ಕೂರಿಸಿದ. ಅತ್ತೆಯನ್ನು ಕೂರಿಸಿದ. ನಮ್ಮ ಮನೆಯವರನ್ನು ಕೂರಿಸಿದ. ನಾನು ಎಮ್ಮೆಗಳ ಹಗ್ಗ ಬಿಚ್ಚಿ ದಿಬ್ಬದ ಕಡೆ ಅಟ್ಟಿ, ಬಾಗಿಲಿಗೆ ಕೀಲಿ ಹಾಕಿ ಬಂದೆ. ಅವನು ಇನ್ನೂ ನೀರಿನಲ್ಲೇ ನಿಂತಿದ್ದ. "ನೀ ಹತ್ತಪಾ" ಎಂದೆ. "ಪೆಹಲೆ ಆಪ್, ಮಾತಾಜಿ" ಎಂದ. ಕಡೆಗೆ ಹತ್ತಿದವನು ಅವನು. ಅವನಿಗಿಂತ ಮೊದಲು, ಮನೆಯವರಲ್ಲಿ ಕಡೆಯವಳಾಗಿ ಹತ್ತಿದವಳು ನಾನು. ದೋಣಿಯಲ್ಲಿ ಕೂತ ಅತ್ತೆ ಅವತ್ತು ತಮ್ಮ ಸೊಂಟದ ಕೀಲಿಗೊಂಚಲು ಬಿಚ್ಚಿ ನನ್ನ ಉಡಿಗೆ ಹಾಕಿದರು.

"ಎಲ್ಲಿಂದ ಬಂದ್ರು ಅನ್ನೂದು ನೋಡಬ್ಯಾಡ ಸನ್ನೂ. ಕಡೀಕ ಯಾರು ಹತ್ತಿದ್ರು ಅನ್ನೂದು ನೋಡು. ಅವರs ಮನಿಯವರು" ಎಂದೆ.

ಹುಡುಗಿ ಅದನ್ನು ವಹಿಯ ಮೂಲೆಯಲ್ಲಿ ಬರೆದುಕೊಂಡಳು. ಅವಳು ಯಾಕೆ ಈ ಕೆಲಸಕ್ಕೆ ಹಟ ಹಿಡಿದಿದ್ದಾಳೆ ಅಂತ ನನಗೆ ಆಗ ಹೊಳೆಯಿತು. ಆ ಕಿತ್ತಳೆ ಜಾಕೀಟು ಅವಳ ಕಣ್ಣಿನಿಂದ ಇಳಿದೇ ಇರಲಿಲ್ಲ.

ಹೀಗೆ ಹದಿನಾಲ್ಕನೆಯ ಸಾಹೇಬರವರೆಗೆ ಬಂದೆವು. ನಿಂತರೆ ಒಡಪು, ಕೂತರೆ ಒಡಪು. ಹಾಲು ಕರೆಯುವಾಗ ಐದನೆಯವರು, ಕಸ ಗುಡಿಸುವಾಗ ಏಳನೆಯವರು. ಆ ಗುಂಗಿನಲ್ಲೇ ಕುಸುಮಳ ಮನೆಯ ಕುಬುಸಕ್ಕೆ ಹೋದದ್ದು. ಆದದ್ದು ಆಗಲೇ ಹೇಳಿದ್ದೇನೆ.

ಹೊರಡುವಾಗ ಕುಸುಮ ತನ್ನ ಅಣ್ಣನಿಗೆ ಸಮಾಧಾನ ಹೇಳಲು ಬಂದಳು. ಸಮಾಧಾನ ಮಾಡಿದ್ದು ಹೀಗೆ: "ಹೋಗ್ಲಿ ಬಿಡಣ್ಣಾ, ಮೂರನೇದವ್ರು ದೊಡ್ಡ ಹುದ್ದೇದವ್ರಂತ!"

ವಾಪಸು ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರಲಿಲ್ಲ. ಮುಂದೆ ಹೋಗಿ ಕೂತರು. ಕಂಡಕ್ಟರ್ ಬಂದ.

"ಒಂದ ತಿಕೀಟ. ಹಿಂದ ಕುಂತಾಕಿ ಯಾರೋ ನನಗ ಗೊತ್ತಿಲ್ಲ."

"ಗೊತ್ತಿದ್ರೂ ಹೆಣ್ಮಕ್ಕಳಿಗಿ ತಿಕೀಟ ಫುಕಟ್ ಐತೇಳ ಅಜ್ಜಾ" ಎಂದ ಕಂಡಕ್ಟರ್.

ಬಸ್ಸೆಲ್ಲ ನಕ್ಕಿತು. ಅವರ ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಂಡಿತು.

ಮನೆಗೆ ಬಂದ ಮೇಲೆ ಮಾತು ಬಂದ್. ನನ್ನ ಜೊತೆ ಇಲ್ಲ, ಸನ್ಮತಿಯ ಮೂಲಕ ಮಾತ್ರ. "ನಿಮ್ಮ ಆಯಿಗಿ ಹೇಳು, ಚಹಾದಾಗ ಸಕ್ಕರಿ ಇಲ್ಲ." ನಾನು ಸಕ್ಕರೆ ಕೊಟ್ಟು ಕಳಿಸಿದರೆ, "ನನಗ್ಯಾಕ? ದಿಲ್ಲೀಗಿ ಪಾರ್ಸಲ್ ಮಾಡ ಅನ್ನು." ಸನ್ಮತಿ ಇಲ್ಲದಾಗ ಎಮ್ಮೆಯ ಮೂಲಕ. "ಏ ಎಮ್ಮೀ, ನಿನ್ನ ಮಾಲಕಿನೀಗಿ ಹೇಳು, ಬಾವಿ ಮೋಟಾರ್ ಚಾಲೂ ಮಾಡಾಕ ಹೊಂಟೀನಂತ."

ನೀವು ನಗಬಹುದು. ನನಗೆ ನಗು ಬರಲಿಲ್ಲ. ಈ ವಯಸ್ಸಿನಲ್ಲಿ ಮನುಷ್ಯನಿಗೆ ಉಳಿದಿರುವುದು ಒಂದಿಷ್ಟು ಮರ್ಯಾದೆ. ಅದನ್ನು ಅವರ ತಂಗಿಯ ಮನೆಯಲ್ಲೇ ನಾನು ಕಳೆದಿದ್ದೆ. ಸನ್ಮತಿಯನ್ನು ಕರೆದು ಹೇಳಿದೆ, "ಸಾಕು ಸನ್ನೂ. ಇನ್ನ ಈ ಬಾಯಿಂದ ಒಡಪು ಬರೂದಿಲ್ಲ. ಉಳದದ್ದು ನೀನs ಓದಕೋ."

ಅವಳು ವಹಿ ಎತ್ತಿಕೊಂಡು ಅಂಗಳಕ್ಕೆ ಹೋದಳು. ಇಂಟರ್‌ವ್ಯೂಗೆ ಹನ್ನೆರಡು ದಿನ ಇತ್ತು. ಹತ್ತಕ್ಕಿಂತ ಹೆಚ್ಚು ಸಾಹೇಬರು ಬಾಕಿ ಇದ್ದರು. ಹಳೆಯವರೂ ಮತ್ತೆ ಜಾರತೊಡಗಿದರು. ಎರಡು ದಿನ ಅಂಗಳದಲ್ಲಿ ಅದೇ ತಿರುಗಾಟ, ಅದೇ ತಡವರಿಕೆ. ನಾನು ಒಳಗೆ ಹಲ್ಲು ಕಚ್ಚಿಕೊಂಡು ಕಾಳು ಆರಿಸುತ್ತಿದ್ದೆ. ಒಂದು ಕಡೆ ಗಂಡನ ಮುನಿಸು, ಒಂದು ಕಡೆ ಮೊಮ್ಮಗಳ ಕಡೆಯ ಅವಕಾಶ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮೂರನೆಯ ದಿನ ಸಂಜೆ. ಸನ್ಮತಿ ಒಂಬತ್ತನೆಯವರ ಜಾಗದಲ್ಲಿ ಹತ್ತನೆಯವರ ಹೆಸರು ಹೇಳಿದಳು. ಪಡಸಾಲೆಯಿಂದ ಗುಡುಗು ಬಂತು.

"ಅವರಲ್ಲ ಲೇ! ಒಂಬತ್ತನೇದವರ ಒಡಪಿನಾಗ ಜ್ವಾಳದ ತೆನಿ ಐತಿ. ಬೆಲ್ಲದ ಮುದ್ದಿ ಹತ್ತನೇದವ್ರದು!"

ನಾನು ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದೆ. ನಮ್ಮ ಮನೆಯವರು ಅಡಕೊತ್ತು ಕೈಯಲ್ಲಿ ಹಿಡಿದು, ಸಿಕ್ಕಿಬಿದ್ದ ಕಳ್ಳನಂತೆ ಕೂತಿದ್ದರು.

"ಅಜ್ಜಾ, ನಿನಗ ಎಷ್ಟ ಬರತಾವು?" ಎಂದು ಕೇಳಿದಳು ಸನ್ಮತಿ.

"ದಿನಾ ಕಿವ್ಯಾಗ ಹೊಕ್ಕೊಂಡಾವು. ತಗ್ಯಾಕ ಆಕ್ಕಾವೇನ?"

ಒಂದರಿಂದ ಹದಿನಾಲ್ಕರವರೆಗೆ ಗಡಗಡ ಹೇಳಿದರು. ಮೂರನೆಯವರ ಹತ್ತಿರ ಬಂದಾಗ ಮಾತ್ರ ಕೆಮ್ಮಿ ಮುಂದೆ ಹೋದರು. ಆಮೇಲೆ ಗೋಡೆ ನೋಡುತ್ತ ಹೇಳಿದರು, "ನಿಮ್ಮ ಆಯಿಗಿ ಹೇಳು. ಹದಿನೈದನೇದವ್ರಿಗೆ ನಾ ಕಟ್ಟಾಕತ್ತೀನಿ, ಪ್ರಾಸ ಕೂಡವಲ್ದು."

ಅವತ್ತಿನಿಂದ ನಮ್ಮ ಮನೆಯಲ್ಲಿ ಇಬ್ಬರು ಕವಿಗಳು, ನಡುವೆ ಒಬ್ಬಳು ಪೋಸ್ಟ್‌ಮನ್. ಅವರು ಪಡಸಾಲೆಯಿಂದ ಒಂದು ಸಾಲು ಕಳಿಸುತ್ತಿದ್ದರು, ನಾನು ಅಡುಗೆಮನೆಯಿಂದ ಇನ್ನೊಂದು ಸಾಲು ಕಳಿಸುತ್ತಿದ್ದೆ. ಸನ್ಮತಿ ಓಡಾಡಿ ಓಡಾಡಿ ಬಾಯಿಪಾಠ ಮಾಡಿಕೊಂಡಳು. ಆ ಪಡೆಯಲ್ಲೇ ಬೆಳೆದು ಮೊದಲ ಸಲ ಕುರ್ಚಿಗೆ ಬಂದವರ ಒಡಪನ್ನು ಮಾತ್ರ ನಮ್ಮ ಮನೆಯವರು ಯಾರಿಗೂ ಬಿಡದೆ ತಾವೇ ಕಟ್ಟಿದರು:

"ಅಂಗಳದಾಗ ಹಚ್ಚಿದ ಗಿಡ ಅಂಗಳಕ್ಕ ಆತು ನೆರಳ,
ಇಂಥವರು ಮನ್ಯಾಗ ಬೆಳದು ಮನಿಗಿ ಹಿರಿಯರಾದ್ರು, ಹಾಕ್ರಿ ಮಾಲಿ ಕೊರಳ!"

ಚೆನ್ನಾಗಿತ್ತು. (ಹಾಗಂತ ಆಗ ಹೇಳಲಿಲ್ಲ. ಮಾತು ಬಂದ್ ಇತ್ತಲ್ಲ.)

ಇಂಟರ್‌ವ್ಯೂ ದೂರ, ದಿಲ್ಲಿಯ ಹತ್ತಿರ. ಮಗ ಜೊತೆಗೆ ಹೋದ. ಅವತ್ತು ನಾನು ಎರಡು ಸಲ ಒಂದೇ ಸಾರಿಗೆ ಉಪ್ಪು ಹಾಕಿದೆ. ನಮ್ಮ ಮನೆಯವರು ಅದನ್ನೇ ಇನ್ನೊಮ್ಮೆ ಹಾಕಿಸಿಕೊಂಡು ಉಂಡರು. ಮಧ್ಯಾಹ್ನ ಫೋನ್ ಬಂತು. ಇಬ್ಬರೂ ಒಂದೇ ಫೋನಿಗೆ ಕಿವಿ ಹಚ್ಚಿದೆವು.

"ಆಯಿ! ಅದನ್ನs ಕೇಳಿದ್ರು!"

"ಹೇಳಿದೇನ?"

"ಎಂಟರ ತನಕಾ ಸರಳ ಬಂತು. ಒಂಬತ್ತಕ್ಕ ನಿಂತಬಿಟ್ಟೆ ಆಯಿ. ಬಾಯಿಗಿ ಮತ್ತ ಹತ್ತನೇದವ್ರ ಹೆಸರs ಬರಾಕತ್ತಿತ್ತು."

ನಾನು ಫೋನನ್ನು ನನ್ನ ಕಿವಿಯ ಕಡೆ ಎಳೆದುಕೊಂಡೆ.

"ಆಮ್ಯಾಲ ಅಜ್ಜನ ದನಿ ಕೇಳಿಸಿತು. ಜ್ವಾಳದ ತೆನಿ ಲೇ! ಅಂತ. ಬಾಯಾಗs ಒಡಪು ಹೇಳಕೊಂಡೆ. ಮುಂದ ನಿಂತs ಇಲ್ಲ, ಕಡೀತನಕಾ ಹೇಳಿದೆ."

ಮುಂದಿನದು ಇನ್ನೂ ಸೊಗಸು. ಏನು ಗೊಣಗುತ್ತಿದ್ದೀಯ, ಮಂತ್ರವೇ ಎಂದು ಅಲ್ಲಿದ್ದ ಹಿರಿಯರು ಕೇಳಿದರಂತೆ. ಇವಳು ಇದ್ದದ್ದು ಇದ್ದಂತೆ ಹೇಳಿದಳು. ಒಂದು ಹೇಳಿ ನೋಡೋಣ ಎಂದರು. ಹೇಳಿ, ಅರ್ಥ ಬಿಡಿಸಿದಳು. ಹಡಗು ತವರಿನ ಬಳುವಳಿ ಅಂದದ್ದಕ್ಕೆ ಒಬ್ಬರು ಮೇಜು ಕುಟ್ಟಿ ನಕ್ಕರಂತೆ. ಹಾಗಾದರೆ ಹೊರಗಿನಿಂದ ಬಂದವರು ಮೇಲೋ, ಒಳಗೇ ಬೆಳೆದವರು ಮೇಲೋ ಎಂದು ಕೇಳಿದರು. ಕೀಲಿಕೈ, ರಬ್ಬರ್ ದೋಣಿ, ಕಡೆಗೆ ಹತ್ತಿದವರು ಎಲ್ಲವನ್ನೂ ಹೇಳಿದಳು. ಆಗ ಯಾರೂ ನಗಲಿಲ್ಲವಂತೆ.

ಕಡೆಗೆ ಅಲ್ಲಿದ್ದ ಒಬ್ಬ ಮೇಡಂ ಕೇಳಿದರು, "ಈ ಪಟ್ಟಿಯಲ್ಲಿ ಇಲ್ಲಿಯವರೆಗೆ ಎಲ್ಲ ಗಂಡಸರೇ. ಮುಂದೆ ಹೆಣ್ಣೊಬ್ಬಳು ಬಂದರೆ ನಿಮ್ಮ ಅಜ್ಜಿ ಏನು ಮಾಡುತ್ತಾರೆ?"

"ಆಗ ಒಡಪು ಆಕೆಯ ಗಂಡ ಹೇಳಬೇಕಾಗುತ್ತದೆ ಮೇಡಂ" ಎಂದಳು ನಮ್ಮ ಸನ್ಮತಿ.

ಫೋನಿಗೆ ಕಿವಿ ಹಚ್ಚಿದ್ದ ನಮ್ಮ ಮನೆಯವರು ಈ ಮಾತಿಗೆ ನನ್ನ ಕಡೆ ನೋಡಿದರು. ನಾನು ಮೇಲೆ ಜಂತಿ ನೋಡಿದೆ.

ಆಮೇಲೆ ಡಾಕ್ಟರ ತಪಾಸಣೆ, ಕಾಯುವುದು, ಮತ್ತೆ ಕಾಯುವುದು. ಮಾತು ಮೆಲ್ಲಗೆ ಶುರುವಾಗಿತ್ತು. ಆದರೆ ಬರೀ ಕೆಲಸದ ಮಾತು. "ಕಬ್ಬಿಗಿ ನೀರ ಬಿಟ್ಟೇನ?" "ಬಿಟ್ಟೀನ್ರಿ." ಅಷ್ಟೇ.

ಈ ಸೋಮವಾರ ಬೆಳಿಗ್ಗೆ ಫೋನ್ ಬಂತು. ನಾನು ಹಿತ್ತಲಲ್ಲಿದ್ದೆ. ಪಡಸಾಲೆಯಿಂದ ಒಂದು ಕೂಗು. ಎಮ್ಮೆಗೆ ಹಾವು ಕಚ್ಚಿತೇನೋ ಅಂತ ಓಡಿ ಬಂದೆ. ನಮ್ಮ ಮನೆಯವರು ಫೋನ್ ತಲೆಯ ಮೇಲೆ ಎತ್ತಿ ಹಿಡಿದು ಬೀದಿಯಲ್ಲಿ ನಿಂತಿದ್ದರು.

"ಆತು! ನಮ್ಮ ಸನ್ನೂಂದು ಆತು! ಸಾಹೇಬ್ ಆದಳು!"

ಪಟ್ಟಿಯಲ್ಲಿ ಹೆಸರು ಬಂದಿತ್ತು. ನಮ್ಮ ಹುಡುಗಿ ಅಸಿಸ್ಟಂಟ್ ಕಮಾಂಡಂಟ್! (ಈ ಎರಡು ಶಬ್ದ ಸರಿಯಾಗಿ ಹೇಳಲು ನನಗೆ ಎರಡು ದಿನ ಬೇಕಾಯಿತು. ಈಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಕೇಳದವರಿಗೂ.) ಸಕ್ಕರೆ ಕಾರ್ಖಾನೆಯ ಕ್ಲರ್ಕ್ ಕುರ್ಚಿ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ. ಬಸ್ಸಿನಲ್ಲಿ ವಾಂತಿ ಮಾಡುವ ಹುಡುಗಿ ಹಡಗು ಹತ್ತುತ್ತಾಳೆ. ಮಗ ಫೋನಿನಲ್ಲಿ ಅಳುತ್ತಿದ್ದ. ನಾನು ನಗುತ್ತಿದ್ದೆ. ಅಥವಾ ನಾನೂ ಅಳುತ್ತಿದ್ದೆನೋ, ಗೊತ್ತಿಲ್ಲ.

ಓಣಿ ಕೂಡಿತು. ಪೇಢೆ ಬಂತು. ಕುಸುಮ ಹಾರೂಗೇರಿಯಿಂದ ಸಿಕ್ಕ ಬಸ್ಸು ಹತ್ತಿ ಬಂದಳು. ಬಂದವಳೇ ಸುಮ್ಮನಿರುತ್ತಾಳೆಯೇ? "ವೈನೀ, ಇವತ್ತರ ಸರಿಯಾದ ಹೆಸರ ಹಾಕಿ ಒಂದ ಒಡಪು ಆಗ್ಲಿ" ಎಂದಳು. ಎಲ್ಲರೂ ಹೋ ಎಂದರು. ನಾನು ಬಾಯಿ ತೆರೆಯುವ ಧೈರ್ಯ ಮಾಡಲಿಲ್ಲ.

"ತಡೀ" ಎಂದರು ನಮ್ಮ ಮನೆಯವರು.

ಎದ್ದು ನಿಂತರು. ಟೋಪಿ ಸರಿ ಮಾಡಿಕೊಂಡರು. ಗಂಟಲು ಸರಿ ಮಾಡಿಕೊಂಡರು. ಮದುವೆಯ ದಿನ ಕಟ್ಟಿದ ಅದೇ ಗಂಟಲು.

"ಕೃಷ್ಣಾ ಹೊಳಿ ಹರಕೋತ ಹೋಗಿ ಸಮುದ್ರಕ್ಕ ಸೇರತೈತಿ,
ಚಂಪಾನ ಹೆಸರ ಹೇಳಿದ್ರ ಸಾಹೇಬ್ರ ಪಾಳಿ ಬಾಜೂಕ ಸರೀತೈತಿ!"

ಚಂಪಾ ಅಂದರೆ ನಾನು. ಆ ಹೆಸರು ಆ ಬಾಯಲ್ಲಿ ಹೇಗೆ ಕೇಳುತ್ತದೆ ಅಂತ ನನಗೆ ಈ ಸೋಮವಾರ ಗೊತ್ತಾಯಿತು. ಕುಸುಮ ಕೂಡ ನಗುವುದನ್ನು ಮರೆತಳು. ನಾನು ಪೇಢೆಯ ಡಬ್ಬಿ ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ.

ರಾತ್ರಿಯವರೆಗೂ ಕಾಯದೆ ಅಲ್ಲೇ ಎಲ್ಲರೆದುರು ಅವರೇ ಹೇಳಿದರು, "ಇನ್ನ ಬರಿ ಪೇಪರನ್ಯಾಗ. ಮೂರನೇದವರದೂ ಬರಿ. ಸಿಟ್ಟಿಲ್ಲ."

ಬರೆದಿದ್ದೇನೆ.

ಸನ್ಮತಿ ಮುಂದಿನ ತಿಂಗಳು ಟ್ರೇನಿಂಗಿಗೆ ಹೋಗುತ್ತಾಳೆ. ಒಳಗೇ ಬೆಳೆದವರೂ ಈಗ ಆ ಕುರ್ಚಿಗೆ ಬರುತ್ತಾರಲ್ಲ, ಮುಂದೊಮ್ಮೆ ಇವಳೇ ಬಂದಾಳು, ಯಾರು ಕಂಡಿದ್ದಾರೆ? ಗಂಡಿನ ಗಂಟಲು ಬಿಡಲು ನಮ್ಮ ಮನೆಯಲ್ಲಿ ಇಷ್ಟು ವರ್ಷ ಹಿಡಿಯಿತು. ನಮ್ಮ ಹುಡುಗಿಯ ಹೆಸರಿಗೆ ಒಡಪು ಹೇಳಬೇಕಾದ ಆ ಗಂಡು ಎಲ್ಲೇ ಇರಲಿ, ಪ್ರಾಕ್ಟೀಸ್ ಶುರು ಮಾಡಿದ್ದಾನೋ ಇಲ್ಲವೋ?